ಉಪ್ಪಿನ ಬದಿಗೆ ತಿರುಗಿದ ವಿಮಾನ

ದಾರಿ ಕೇಳಿದವರಿಗೆ ಬಾಯಿಯಿಂದ ‘ಎಡಕ್ಕೆ ಹೋಗಿ’ ಎಂದು ಹೇಳುತ್ತ, ಕೈಯಿಂದ ಧಾರಾಳವಾಗಿ ಬಲಕ್ಕೆ ತೋರಿಸುವ ಪರೋಪಕಾರಿಗಳನ್ನು ನೀವೂ ಕಂಡಿರಬಹುದು. ಡೊಂಬಿವಲಿ ಸ್ಟೇಷನ್ನಿನ ಹೊರಗೆ ಅಂಥವರ ಸಾಂದ್ರತೆ ತುಸು ಹೆಚ್ಚೆಂಬುದು ನನ್ನ ಅನುಭವ. ತಿಳಿದವರು ಅಂಥ ಹೊತ್ತಿನಲ್ಲಿ ಬಾಯನ್ನು ಬಿಟ್ಟು ಕೈಯನ್ನು ನಂಬುತ್ತಾರೆ, ಬೆನ್ನು ತಿರುಗಿಸಿ ನಗುತ್ತಾರೆ. ನಾನು ಮಾತ್ರ ನಗುವುದಿಲ್ಲ. ಎಡಬಲಗಳ ವಿಷಯದಲ್ಲಿ ಇನ್ನೊಬ್ಬರನ್ನು ನೋಡಿ ನಗುವ ಅಧಿಕಾರವನ್ನು ನಾನು ಎಂಬತ್ತರ ದಶಕದ ಆರಂಭದಲ್ಲಿ, ಘಣಸೋಲಿಯ ಒಂದು ಗದ್ದೆಯಲ್ಲಿ, ಪುಟ್ಟ ವಿಮಾನವೊಂದರ ಮೂತಿಯ ಸಮೇತ ಮಣ್ಣುಪಾಲು ಮಾಡಿಕೊಂಡವನು.

ಕಸುಬಿನಿಂದ ನಾನು ಡ್ರಾಫ್ಟ್ಸ್‌ಮನ್. ಠಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ಕುಳಿತು, ಕಬ್ಬಿಣದ ಬಿಡಿಭಾಗಗಳನ್ನು ಮುಂದಿನಿಂದ ಕಂಡಂತೆ, ಪಕ್ಕದಿಂದ ಕಂಡಂತೆ, ಮೇಲಿನಿಂದ ಕಂಡಂತೆ ಬರೆಯುವುದೇ ನನ್ನ ಉದರಭರಣದ ಮಾರ್ಗ. ಅಂಥವನಿಗೆ ಎಡಬಲ ತಿಳಿಯಲಿಲ್ಲವೆಂದರೆ ಅಡುಗೆಭಟ್ಟನಿಗೆ ನೀರು ಕಾಯಿಸಲು ಬರಲಿಲ್ಲ ಎಂದಂತೆ. ಆದರೆ ಕಾಗದದ ಮೇಲಿನ ಕಬ್ಬಿಣ ಬರೆದಲ್ಲೇ ಸುಮ್ಮನೆ ಬಿದ್ದಿರುತ್ತದೆ, ಬರೆದವನ ಮುಖದ ಮೇಲೆಯೇ ಹಾರಿ ಬರುವುದಿಲ್ಲ. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಆಗ ನನಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ಓವರ್‌ಟೈಮ್ ಮುಗಿಸಿ ಬಸ್ಸಿನಲ್ಲಿ ಠಾಣೆಗೆ ಮರಳುತ್ತಿದ್ದೆ. ಘಣಸೋಲಿಯ ಹತ್ತಿರ ಕಿಟಕಿಯಾಚೆ, ಕೊಯ್ಲಾದ ಗದ್ದೆಗಳ ಮೇಲೆ, ಗಾಳಿಪಟವೂ ಅಲ್ಲದ ಹದ್ದೂ ಅಲ್ಲದ ಒಂದು ವಸ್ತು ಗುಂಯ್‌ಗುಡುತ್ತ ಮೇಲೇರಿ, ತಲೆಕೆಳಗಾಗಿ ಒಂದು ಸುತ್ತು ಹೊಡೆದು, ಏನೂ ಆಗದವರಂತೆ ಮತ್ತೆ ನೆಟ್ಟಗೆ ಹಾರತೊಡಗಿತು. ನನ್ನ ಎದೆಯೂ ಅದರೊಡನೆ ಒಂದು ಪಲ್ಟಿ ಹೊಡೆಯಿತು! ಕಂಡಕ್ಟರ್ ಬೈಯುತ್ತಿರುವಂತೆಯೇ ನಾನು ಇಳಿಯಬಾರದ ಕಡೆ ಇಳಿದು ಗದ್ದೆಯ ಹುಣಿಯ, ಅಂದರೆ ಬದುವಿನ ಮೇಲೆ ಓಡಿದೆ. ಅಲ್ಲಿ ಬಿಳಿಯ ಟೋಪಿ ಧರಿಸಿದ ಹಿರಿಯರೊಬ್ಬರು, ಕೊರಳಿಗೆ ಪಟ್ಟಿಯಿಂದ ಒಂದು ತಗಡಿನ ಪೆಟ್ಟಿಗೆಯನ್ನು ನೇತುಹಾಕಿಕೊಂಡು, ಅದರ ಎರಡು ಕಡ್ಡಿಗಳನ್ನು ಹೆಬ್ಬೆರಳುಗಳಿಂದ ಅತ್ತಿತ್ತ ಸರಿಸುತ್ತ ನಿಂತಿದ್ದರು. ಪೆಟ್ಟಿಗೆಯಿಂದ ಉದ್ದನೆಯ ಆಂಟೆನಾ ಆಕಾಶಕ್ಕೆ ಚಾಚಿತ್ತು. ಕಡ್ಡಿ ಎಡಕ್ಕೆ ಹೋದರೆ ವಿಮಾನ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ನಡುವೆ ದಾರವಿಲ್ಲ, ತಂತಿಯಿಲ್ಲ. ಮೂವತ್ತು ದಾಟಿದ, ಸಂಸಾರವಂತನಾದ ನಾನು ಅಲ್ಲಿಯೇ ಕುಣಿದುಬಿಟ್ಟೆ.

ಅವರೇ ದಾಮಲೆ ಮಾಸ್ತರರು. ತಾಂತ್ರಿಕ ಶಾಲೆಯೊಂದರಲ್ಲಿ ಕಲಿಸಿ ನಿವೃತ್ತರಾಗಿ, ಠಾಣೆಯ ವರ್ತಕ ನಗರದಲ್ಲಿ ಒಬ್ಬರೇ ಇದ್ದರು. ನನ್ನ ಕುಣಿತವನ್ನೇ ಅರ್ಜಿಯೆಂದು ಸ್ವೀಕರಿಸಿ ಶಿಷ್ಯನನ್ನಾಗಿ ಮಾಡಿಕೊಂಡರು. ಮೊದಲ ಷರತ್ತು, ವಿಮಾನವನ್ನು ನಾನೇ ಕಟ್ಟಬೇಕು.

ಹೀಗೆ ಡೊಂಬಿವಲಿಯ ನಮ್ಮ ಒಂದೂವರೆ ಕೋಣೆಯ ಮನೆ ವಿಮಾನ ಕಾರ್ಖಾನೆಯಾಯಿತು. ಬೆಂಡಿನಷ್ಟು ಹಗುರವಾದ ಬಾಲ್ಸಾ ಮರದ ಪಕ್ಕೆಲುಬುಗಳನ್ನು ಅಂಟಿಸಿ ರೆಕ್ಕೆಯ ಹಂದರ ಮಾಡಿದೆ. ಹಂದರದ ಮೇಲೆ ಹೊದಿಸಲು ತೆಳ್ಳಗಿನ ರೇಷ್ಮೆ ಬೇಕೆಂದು ಮಾಸ್ತರರು ಹೇಳಿದ್ದನ್ನು ಹೆಂಡತಿಗೆ ತಿಳಿಸುವ ಧೈರ್ಯವಾಗದೆ ನಾನು ನಾಲ್ಕಾರು ದಿನ ಸೀರೆಯ ಪೆಟ್ಟಿಗೆಯ ಸುತ್ತ ಬೆಕ್ಕಿನಂತೆ ಸುಳಿದೆ. ನನ್ನ ಹೆಂಡತಿ ವಸಂತಿ ಉಡುಪಿಯ ಕಡೆಯವಳು, ನನ್ನ ಹಾಗೆಯೇ. ಕಡೆಗೆ ಅವಳೇ ಕೇಳಿದಳು, “ಎಂತ ಹುಡುಕುದು ನೀವು?” ವಿಷಯ ಕೇಳಿ, ಮಡಿಕೆಗಳಲ್ಲಿ ಸೀಳಿದ್ದ ತನ್ನ ಕುಂಕುಮ ಬಣ್ಣದ ಹಳೆಯ ರೇಷ್ಮೆಸೀರೆಯನ್ನು ತೆಗೆದು, “ಉಡ್ಲಿಕ್ಕೆ ಆಗದ್ದು ಹಾರ್ಲಿಕ್ಕಾದ್ರೂ ಆಗ್ಲಿ” ಎಂದು ಕತ್ತರಿಯನ್ನೂ ತಾನೇ ತಂದಳು. ರೆಕ್ಕೆಗೆ ರೇಷ್ಮೆಯನ್ನು ಸುಕ್ಕಿಲ್ಲದೆ ಎಳೆದು ಕೂರಿಸಿದ್ದು ಅವಳ ಬೆರಳುಗಳು, ನನ್ನವಲ್ಲ.

ಇನ್ನು ಎಂಜಿನ್ನಿನ ಆಹಾರ. ಒಂದು ಬಗೆಯ ಸ್ಪಿರಿಟ್ಟಿಗೆ ಹರಳೆಣ್ಣೆ ಬೆರೆಸಿದರೆ ಅದು ಸಿದ್ಧ. ನಾನು ಮೇಲಿಂದ ಮೇಲೆ ಹರಳೆಣ್ಣೆ ಕೊಳ್ಳುವುದನ್ನು ಕಂಡು ಕೆಳಗಿನ ಅಂಗಡಿಯ ಶೇಠಜಿ, “ಘರ್ ಮೇ ಸಬ್ ಕಾ ಪೇಟ್ ಠೀಕ್ ಹೈ ನಾ?” ಎಂದು ಮನೆಯವರೆಲ್ಲರ ಹೊಟ್ಟೆಯ ಆರೋಗ್ಯವನ್ನು ಕಳಕಳಿಯಿಂದ ವಿಚಾರಿಸುತ್ತಿದ್ದರು. ಬಾಲ್ಯದಲ್ಲಿ ಹರಳೆಣ್ಣೆಯ ಬಟ್ಟಲು ಕಂಡರೆ ಅಟ್ಟ ಹತ್ತುತ್ತಿದ್ದ ನಾನು, ಈಗ ಎಂಜಿನ್ನಿನ ಹೊಗೆಯಲ್ಲಿ ಅದೇ ವಾಸನೆ ಬಂದರೆ ಕಣ್ಣುಮುಚ್ಚಿ ಪುಳಕಗೊಳ್ಳುತ್ತಿದ್ದೆ. ಕಾಲ ಮನುಷ್ಯನ ಮೂಗನ್ನೂ ಬದಲಿಸುತ್ತದೆ.

ಹಾರಿಸುವ ಪಾಠದಲ್ಲಿ ಅರ್ಧ ಸುಲಭ. ವಿಮಾನ ನಮ್ಮಿಂದ ದೂರ ಹೋಗುತ್ತಿರುವಷ್ಟು ಹೊತ್ತು ಅದರ ಎಡವೇ ನಮ್ಮ ಎಡ. ಅಷ್ಟರಲ್ಲಿ ನಾನು ಮಹಾವೈಮಾನಿಕ. ಆದರೆ ಹೋದದ್ದು ತಿರುಗಿ ಬರಬೇಕಲ್ಲ! ಎದುರು ಬರುವ ವಿಮಾನದ ಎಡ ನಮಗೆ ಬಲವಾಗುತ್ತದೆ. ಅದು ನನ್ನ ಬಲಕ್ಕೆ ಬರಲಿ ಎಂದು ಕಡ್ಡಿಯನ್ನು ಬಲಕ್ಕೆ ಒತ್ತಿದರೆ ಅದು ವಿಧೇಯವಾಗಿ ತನ್ನ ಬಲಕ್ಕೆ, ಅಂದರೆ ನನ್ನ ಎಡಕ್ಕೆ ಹೋಗುತ್ತದೆ. ತಪ್ಪಿತೆಂದು ಇನ್ನಷ್ಟು ಒತ್ತಿದರೆ ಇನ್ನಷ್ಟು ಹೋಗುತ್ತದೆ. ಹೀಗೆ ಒತ್ತಿ ಒತ್ತಿಯೇ ಮೊದಲ ಸಲ ಮೂತಿಯನ್ನು ಗದ್ದೆಯಲ್ಲಿ ನೆಟ್ಟೆ. “ಅರೇ ಡಾವೀಕಡೇ, ಡಾವೀಕಡೇ!” ಎಂದು ಮಾಸ್ತರರು ಎಡವನ್ನು ಕೂಗುತ್ತಿದ್ದರೆ, ಯಾರ ಎಡ ಎಂಬ ತತ್ತ್ವಜಿಜ್ಞಾಸೆಯಲ್ಲಿ ನಾನು ಮುಳುಗಿರುತ್ತಿದ್ದೆ. ವಿಮಾನಕ್ಕೆ ಅಷ್ಟು ಪುರುಸೊತ್ತು ಇರುವುದಿಲ್ಲ.

ಅಭ್ಯಾಸಕ್ಕೆಂದು ಸ್ಟೇಷನ್ನಿನ ಸೇತುವೆಯ ಮೇಲೆ ಎದುರು ಬರುವ ಒಬ್ಬೊಬ್ಬರನ್ನೂ ವಿಮಾನವೆಂದು ಭಾವಿಸಿ, ಹೆಬ್ಬೆರಳು ಆಡಿಸುತ್ತ ನಡೆದೆ. ಡೊಂಬಿವಲಿಯ ಬೆಳಗಿನ ಜನಪ್ರವಾಹದಲ್ಲಿ ಇದು ಸಾಹಸವೇ ಸರಿ. ಟಿಫಿನ್ ಡಬ್ಬಿ ಹಿಡಿದ ಒಬ್ಬ ಮಹನೀಯರನ್ನು ಮನಸ್ಸಿನಲ್ಲೇ ಎಡಕ್ಕೆ ತಿರುಗಿಸಿ, ದೇಹದಿಂದ ನೇರವಾಗಿ ಢಿಕ್ಕಿ ಹೊಡೆದೆ. ಅವರು ಆಡಿದ ಮರಾಠಿಯನ್ನು ಲಲಿತ ಪ್ರಬಂಧದಲ್ಲಿ ಬರೆಯಲಾಗದು.

ಹೀಗಿರುವಾಗ ಮಾಸ್ತರರು ನಾಗಪುರದ ಮಗಳ ಮನೆಗೆ ಹೋಗಿ ನೆಲೆಸಲು ನಿರ್ಧರಿಸಿದರು. ವಿಮಾನ ನನ್ನದಾದರೂ ರೇಡಿಯೋ ಪೆಟ್ಟಿಗೆ ಅವರದು. ಪರದೇಶದಿಂದ ಯಾರೋ ತಂದುಕೊಟ್ಟ ಸೆಟ್ ಅದು, ಅಂಗಡಿಯಲ್ಲಿ ಸಿಗುವ ಪದಾರ್ಥವಲ್ಲ. ಅದು ಹೋದರೆ ನನ್ನ ವಿಮಾನ ಗೋಡೆಯ ಅಲಂಕಾರ. “ಬರುವ ಭಾನುವಾರ ಕೊನೆಯದು,” ಎಂದರು. “ಏಕಟ್ಯಾನೇ ಉತರವ್, ಸೆಟ್ ತುಝಾ.” ಅಲ್ಲಿಯವರೆಗೆ ಕೊನೆಗಳಿಗೆಯಲ್ಲಿ ಪೆಟ್ಟಿಗೆ ಕಸಿದುಕೊಂಡು ಇಳಿಸುತ್ತಿದ್ದವರು ಅವರೇ. ಒಬ್ಬನೇ ಇಳಿಸಿದರೆ ಸೆಟ್ಟು ನನ್ನದು, ಇಲ್ಲವಾದರೆ ಅದೂ ನಾಗಪುರಕ್ಕೆ. ಆ ವಾರ ನನಗೆ ಅನ್ನ ಸೇರಲಿಲ್ಲ.

ಅದೇ ವಾರ ನಮ್ಮ ಕಡೆಯವರದೇ ಆದ ನೆರೆಮನೆಯಲ್ಲಿ ಸತ್ಯನಾರಾಯಣ ಪೂಜೆಯ ಊಟ. ಊರಿನಲ್ಲಿ ಚಿಕ್ಕಂದಿನಿಂದ ಪಂಕ್ತಿಯಲ್ಲಿ ಬಡಿಸಿ ಬೆಳೆದವನೆಂದು ನನಗೆ ಉಪ್ಪು ಉಪ್ಪಿನಕಾಯಿಯ ಪಾತ್ರೆ ಕೊಟ್ಟರು. ಬಾಳೆಲೆಯ ಮೇಲೆ ಉಣ್ಣುವವರ ಎಡತುದಿಗೆ ಉಪ್ಪು, ಬಲಗಡೆಗೆ ಪಾಯಸ ಎಂಬ ನಮ್ಮ ಕಡೆಯ ಕ್ರಮ ನಿಮಗೆ ತಿಳಿದದ್ದೇ. ನಾನು ಬಗ್ಗಿ ಒಂದೊಂದೇ ಎಲೆಗೆ ಉಪ್ಪಿಡುತ್ತ ಸಾಗುತ್ತಿದ್ದೆ. ಪಂಕ್ತಿಯಲ್ಲಿ ಕುಳಿತಿದ್ದ ವಸಂತಿಯ ಎಲೆಯ ಬಳಿಗೆ ಬಂದಾಗ, ದಿನವೂ ನನ್ನ ಎಡಬಲದ ಗೋಳು ಕೇಳಿದ್ದ ಅವಳು ನನ್ನ ಕೈಯನ್ನೇ ದಿಟ್ಟಿಸಿ, “ಅಲ್ಲ ಮಾರಾಯ್ರೆ, ನೀವು ನನ್ನ ಎದುರು ನಿಂತಿದ್ದೀರಿ. ನನ್ನ ಎಡ ಎಲ್ಲುಂಟು ಅಂತ ಯೋಚನೆ ಮಾಡಿದ್ರಾ ಈಗ?” ಎಂದಳು.

ನಾನು ಉಪ್ಪಿನ ಚಮಚ ಹಿಡಿದು ಹಾಗೆಯೇ ನಿಂತೆ. ಇಲ್ಲ, ಯೋಚಿಸಿರಲಿಲ್ಲ! ಇಷ್ಟು ವರ್ಷ, ಎಷ್ಟೋ ಮದುವೆ ಮುಂಜಿಗಳಲ್ಲಿ, ಎದುರು ಕುಳಿತವರ ಎಡವನ್ನು ನಾನು ಒಮ್ಮೆಯೂ ತಪ್ಪಿರಲಿಲ್ಲ. ಎದುರಿಗೆ ಬರುವ ವಿಮಾನವೆಂದರೆ ಎಲೆಯ ಮುಂದೆ ಕುಳಿತ ಅತಿಥಿ, ಅಷ್ಟೇ. ಅದರ ಎಡ ಉಪ್ಪಿನ ಬದಿ, ಅದರ ಬಲ ಪಾಯಸದ ಬದಿ. ಉಪ್ಪಿನ ಬದಿಗೆ ಬೇಕಾದರೆ ಕಡ್ಡಿ ಎಡಕ್ಕೆ. ಆನಂದದ ಭರದಲ್ಲಿ ನಾನು ವಸಂತಿಯ ಎಲೆಗೆ ಎರಡನೆಯ ಸಲ ಉಪ್ಪು ಬಡಿಸಿದೆನಂತೆ. ಮಿಕ್ಕ ಪಂಕ್ತಿ “ಉಪ್ಪು, ಉಪ್ಪು” ಎಂದು ಕೂಗುತ್ತಿದ್ದರೂ ನನಗೆ ಕೇಳಿಸಲಿಲ್ಲ.

ಭಾನುವಾರ ವಸಂತಿಯೂ ಹೊರಟಳು. ರೆಕ್ಕೆಯ ಉದ್ದಕ್ಕೆ ಲೋಕಲ್ ಗಾಡಿಯ ಸಾಮಾನ್ಯ ಡಬ್ಬಿ ಸಾಲದು, ಹಾಗಾಗಿ ನಾವು ಲಗೇಜ್ ಡಬ್ಬಿ ಹತ್ತಿದೆವು. ಅಲ್ಲಿ ಮೀನಿನ ಬುಟ್ಟಿಯ ಮೇಲೆ ಕೈಯೂರಿ ಕುಳಿತಿದ್ದ ಮೀನುಗಾರ ಕೋಳಿ ಸಮುದಾಯದ ಹೆಂಗಸೊಬ್ಬಳು ಕುಂಕುಮ ಬಣ್ಣದ ರೆಕ್ಕೆಯನ್ನು ನೋಡಿ ಏನಿದು ಎಂದಳು. ವಿಮಾನ ಎಂದೆ. “ಮಗ ಉಡೂನ್ ಜಾ ನಾ, ಗಾಡೀತ್ ಕಶಾಲಾ?” ಹಾರಿಯೇ ಹೋಗಬಹುದಲ್ಲ, ರೈಲಿನಲ್ಲಿ ಯಾಕೆ ಎಂಬ ಆ ತರ್ಕಕ್ಕೆ ಇಡೀ ಡಬ್ಬಿ ನಕ್ಕಿತು. ಆದರೂ ಠಾಣೆಯಲ್ಲಿ ಇಳಿಯುವಾಗ ಅವಳೇ ಎದ್ದು, ಎರಡೂ ಕೈ ಚಾಚಿ ಜನರನ್ನು ತಡೆದು, ರೆಕ್ಕೆಗೆ ದಾರಿ ಮಾಡಿಕೊಟ್ಟಳು.

ಘಣಸೋಲಿಯಲ್ಲಿ ಬರಲಿರುವ ಹೊಸ ಊರಿಗಾಗಿ ಮುರುಮ್ ಎಂಬ ಕೆಂಪು ಗರಸುಮಣ್ಣು ಸುರಿದು ಮಟ್ಟ ಮಾಡಿದ ಜಾಗವೊಂದಿತ್ತು. ಅದೇ ನಮ್ಮ ರನ್‌ವೇ. ಮಾಸ್ತರರು ಪೆಟ್ಟಿಗೆಯನ್ನು ನನ್ನ ಕೊರಳಿಗೆ ಹಾಕಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತರು. ಎಂಜಿನ್ ಕೂಗಿತು, ಹರಳೆಣ್ಣೆ ಘಮ್ಮೆಂದಿತು, ವಿಮಾನ ಓಡಿ ಓಡಿ ನೆಲ ಬಿಟ್ಟಿತು. ಆಹಾ! ಅದು ನೆಲ ಬಿಡುವ ಆ ಕ್ಷಣದಲ್ಲಿ ನಮ್ಮ ಹಿಮ್ಮಡಿಗಳೂ ತಾವಾಗಿ ಏಳುತ್ತವೆ. ಎತ್ತರದಲ್ಲಿ ಎರಡು ಸುತ್ತು ಹೊಡೆಸಿದೆ. ಎದುರು ಬಂದಾಗ ಉಪ್ಪು ಪಾಯಸ ಎಂದು ಗುನುಗಿಕೊಂಡೆ. ಅದು ಹೇಳಿದಂತೆ ಕೇಳಿತು.

ಇನ್ನು ಇಳಿಸುವುದು. ವೇಗ ತಗ್ಗಿಸಿ, ಮೂತಿಯನ್ನು ನಮ್ಮ ಕಡೆಗೆ ತಿರುಗಿಸಿ ತರುತ್ತಿದ್ದೆ. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ ಕಡೆಯಿಂದ ಗಾಳಿಯೊಂದು ಬೀಸಿ ವಿಮಾನವನ್ನು ನನ್ನ ಎಡಕ್ಕೆ, ಅಲ್ಲಿದ್ದ ಒಂಟಿ ತಾಳೆಮರದ ಕಡೆಗೆ ತಳ್ಳಿತು. ಅಷ್ಟೇ, ಕಲಿತದ್ದೆಲ್ಲ ಕೈಬಿಟ್ಟಿತು. ಅದು ನನ್ನ ಬಲಕ್ಕೆ ಬರಲೆಂದು ಕಡ್ಡಿಯನ್ನು ಬಲಕ್ಕೆ ಒತ್ತಿದೆ. ಅದು ಇನ್ನಷ್ಟು ಮರದತ್ತ ವಾಲಿತು. ಮಾಸ್ತರರ ಕೈ ಬೆನ್ನ ಹಿಂದಿನಿಂದ ಬಿಚ್ಚಿಕೊಂಡದ್ದು ಕಣ್ಣಂಚಿಗೆ ಕಂಡಿತು. ಸೆಟ್ ಹೋಯಿತು, ಸೀರೆ ಹೋಯಿತು, ಎಲ್ಲ ಹೋಯಿತು ಎಂದುಕೊಂಡೆ.

“ಉಪ್ಪಿನ ಬದಿಗೆ! ಉಪ್ಪಿನ ಬದಿಗೆ, ಮಾರಾಯ್ರೆ!”

ಘಣಸೋಲಿಯ ಗದ್ದೆಗಳು ಅಂಥ ಕನ್ನಡವನ್ನು ಹಿಂದೆ ಕೇಳಿರಲಾರವು. ನನ್ನ ಬುದ್ಧಿ ಇನ್ನೂ ವಿಚಾರದಲ್ಲಿರುವಾಗಲೇ ಹೆಬ್ಬೆರಳು ಎಡಕ್ಕೆ ಹೋಗಿತ್ತು. ವಿಮಾನ ತಾಳೆಯ ಗರಿಯನ್ನು ಸವರಿದಂತೆ ಹಾಯ್ದು ನನ್ನ ಬಲಕ್ಕೆ ಬಂದು, ನೆಟ್ಟಗಾಗಿ, ಮುರುಮಿನ ಮೇಲೆ ಒಮ್ಮೆ ಪುಟಿದು, ಕೆಂಧೂಳೆಬ್ಬಿಸುತ್ತ ಓಡಿ, ನಮ್ಮ ಮುಂದೆ ನಿಂತಿತು. ನಾನು ಕೂಗಿದೆ, ವಸಂತಿ ಕೂಗಿದಳು. ಹುಣಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದವನೂ ಯಾಕೆಂದು ತಿಳಿಯದೆ ಕೂಗಿದ.

ಮಾಸ್ತರರು ಮಾತ್ರ ಗಂಭೀರವಾಗಿ ಬಂದು, ವಹಿನಿ, ಅಂದರೆ ಅತ್ತಿಗೆ, ಕೂಗಿದ್ದು ಏನೆಂದು ಕೇಳಿದರು. ನಾನು ಎಲೆ, ಉಪ್ಪು, ಪಾಯಸ ಎಲ್ಲವನ್ನೂ ವಿವರಿಸಿದೆ. ಅವರು ಹೊಟ್ಟೆ ಹಿಡಿದು ನಕ್ಕರು. “ಆಮಚ್ಯಾಕಡೇ ಮೀಠ್ ಮಧೇ ವಾಢತಾತ!” ಅವರ ಕಡೆ ಉಪ್ಪು ಬಡಿಸುವುದು ಎಲೆಯ ಮೇಲ್ಗಡೆ ನಟ್ಟನಡುವೆಯಂತೆ. ತಾನಾಗಿದ್ದರೆ ಆ ಕೂಗಿಗೆ ನೇರವಾಗಿ ಹೋಗುತ್ತಿದ್ದೆ ಎಂದರು. ಆಮೇಲೆ ನಗು ನಿಲ್ಲಿಸಿ ನನ್ನತ್ತ ತಿರುಗಿ, “ಆದರೆ ರಾವ್, ಒಬ್ಬನೇ ಇಳಿಸು ಅಂದಿದ್ದೆ. ಇದು ಒಬ್ಬ ಇಳಿಸಿದ್ದಲ್ಲ,” ಎಂದರು. ನನ್ನ ಕೊರಳಿನಿಂದ ಪಟ್ಟಿಯನ್ನು ತೆಗೆದರು. ನಾನು ತಲೆ ತಗ್ಗಿಸಿದೆ, ಏಕೆಂದರೆ ಅವರು ಹೇಳಿದ್ದು ನಿಜವಾಗಿತ್ತು. ಅವರು ಎರಡು ಹೆಜ್ಜೆ ನಡೆದು, ಪಟ್ಟಿಯನ್ನು ವಸಂತಿಯ ಕೊರಳಿಗೆ ಹಾಕಿ, “ವಹಿನೀ, ಹಾ ಸೆಟ್ ತುಮಚಾ” ಎಂದರು.

ಸೆಟ್ ಅವಳದಾಯಿತು. ಕಲಿಸುವವನು ಮಾತ್ರ ನಾನೇ, ಬೇರೆ ಯಾರೂ ಇರಲಿಲ್ಲವಲ್ಲ. ಎತ್ತರದಲ್ಲಿ ಪೆಟ್ಟಿಗೆಯನ್ನು ಅವಳಿಗೆ ದಾಟಿಸುವುದು, ಅಪಾಯ ಬಂದರೆ ಕಸಿದುಕೊಳ್ಳುವುದು, ಮಾಸ್ತರರ ಕ್ರಮವೇ. ಕಸಿದುಕೊಳ್ಳುವ ಸಂದರ್ಭ ಹೆಚ್ಚು ಬರಲಿಲ್ಲವೆಂದು ತುಸು ಅಸೂಯೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಅವಳು ಮೊದಲ ಬಾರಿ ತಾನೇ ನೆಲದಿಂದ ಎಬ್ಬಿಸಿದ ದಿನ ನಾನು ಅವಳ ಹಿಂದೆ ನಿಂತಿದ್ದೆ. ವಿಮಾನ ದೂರ ಹೋಗಿ, ತಿರುಗಿ, ಎದುರು ಬರತೊಡಗಿತು. ನಾನು ಬಾಯಿ ತೆರೆದೆ. “ಸುಮ್ಮನಿರಿ, ನಂಗೆ ಗೊತ್ತುಂಟು” ಎಂದಳು. ಕೈಯಲ್ಲಿ ಕಡ್ಡಿಯೂ ಇಲ್ಲದೆ, ಬಾಯಲ್ಲಿ ಮಾತೂ ಇಲ್ಲದೆ ನಾನು ಮೊದಲ ಸಲ ಸುಮ್ಮನೆ ತಲೆಯೆತ್ತಿ ನೋಡಿದೆ. ಅಷ್ಟು ದಿನವೂ ನಾನು ನೋಡುತ್ತಿದ್ದುದು ಎಡವನ್ನು, ಬಲವನ್ನು, ಆಗಲಿರುವ ತಪ್ಪನ್ನು. ಹಾರುವುದನ್ನು ನೋಡಿಯೇ ಇರಲಿಲ್ಲ. ಎಷ್ಟು ಚೆಂದ ಹಾರುತ್ತಿತ್ತು ಅದು!

“ಇನ್ನೂ ಮೇಲೆ ಹೋಗ್ತದಾ ಇದು?” ಎಂದು ಕೇಳಿದಳು, ಕಣ್ಣು ಕೀಳದೆ.

“ಹೋಗ್ತದೆ” ಎಂದೆ.

ಎಣ್ಣೆ ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೂ ಅವಳು ಇಳಿಸಲಿಲ್ಲ.