ಎತ್ತಿನ ರೊಕ್ಕ

ಕೇಳದೆ ಸಿಹಿ ತಂದ ಗಂಡನನ್ನು ನಾನು ನಂಬುವುದಿಲ್ಲ. ಅದರಲ್ಲೂ ನಮ್ಮ ಮನೆಯವರಂಥ ಗಂಡನನ್ನು.

ಅವರ ಕೈ ಎಂಥದ್ದು ಅಂತ ಮೊದಲು ಹೇಳಬೇಕು. ಕಿಸೆಯಲ್ಲಿ ಹರಕು ನೋಟಿದ್ದರೆ ಅದೇ ಮೊದಲು ಹೊರಗೆ ಬರಬೇಕು. ಹೊಸ ನೂರರ ನೋಟು ಮುರಿಸುವುದೆಂದರೆ ಅವರಿಗೆ ಮನೆಯ ತೊಲೆ ಮುರಿದಂಗೆ. ನಾನು ಒಲೆಗೆ ಕಡ್ಡಿ ಗೀರಿದರೆ, "ಬಾಜೂ ಮನ್ಯಾಗ ಒಲಿ ಉರ್ಯಾಕ ಹತ್ತೈತಿ, ಒಂದು ಕೆಂಡ ತರಾಕ ಏನಾಗಿತ್ತ ನಿನಗ?" ಅನ್ನುವರು. ನನಗೆ ಅದರ ಬೇಜಾರಿರಲಿಲ್ಲ. ಬಿಗಿ ಕೈಯ ಮನುಷ್ಯ ನಾಳೆ ಏನು ಮಾಡುತ್ತಾನೆ ಅನ್ನುವುದು ಇವತ್ತೇ ಗೊತ್ತಿರುತ್ತದೆ.

ನೇಸರಗಿ ಹತ್ತಿರದ ನಮ್ಮ ಊರಿಗೆ ಎಸ್‌ಟಿಡಿ ಫೋನಿನ ಡಬ್ಬಿ ಬಂದ ಹೊಸತು. ಆ ಸಲ ಸುಗ್ಗಿ ಮುಗಿದ ಮೇಲೆ ವಯಸ್ಸಾದ ಎತ್ತಿನ ಜೋಡಿ ಮಾರಿದೆವು. ಮಳೆಗಾಲಕ್ಕೆ ಮೊದಲು ಹೊಸ ಜೋಡಿ ತರಬೇಕಿತ್ತು. ಇಲ್ಲದಿದ್ದರೆ ಬಿತ್ತನೆ ಕೆಟ್ಟಿತು. ಬಾಡಿಗೆ ಎತ್ತು ಕೈಗೆ ಸಿಗುವುದು ಎತ್ತಿನವನ ಹೊಲ ಬಿತ್ತಿ ಮುಗಿದ ಮೇಲೆ. ಆ ರೊಕ್ಕವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಟ್ರಂಕಿನಲ್ಲಿಟ್ಟರು. ನಮ್ಮಲ್ಲಿ ಒಂದೊಂದು ರೊಕ್ಕಕ್ಕೆ ಒಂದೊಂದು ಹಾದಿ. ಬೆಣ್ಣೆ ಮಾರಿದ್ದು ಉಪ್ಪು, ಎಣ್ಣೆಗೆ. ಹತ್ತಿ ಮಾರಿದ್ದು ಬೀಜ, ಗೊಬ್ಬರಕ್ಕೆ. ಎತ್ತು ಮಾರಿದ್ದು ಎತ್ತಿಗೇ. ಜ್ವರ ಬಂದು ಮಲಗಿದರೂ ಎತ್ತಿನ ಗಂಟು ಬಿಚ್ಚುವುದಿಲ್ಲ, ಔಷಧಕ್ಕೆ ಕೈಗಡ ತರುತ್ತೇವೆ. ಟ್ರಂಕಿನಲ್ಲಿ ರೊಕ್ಕ ಇಟ್ಟುಕೊಂಡು ಕೈಗಡ ತರುವುದು ಹುಚ್ಚುತನ ಅನ್ನುವವರು ಅನ್ನಲಿ. ಹಂಗೆ ಮಾಡಿದ್ದರಿಂದಲೇ ಎತ್ತಿಗೆ ಮೇವು ಹಾಕುವ ನಮ್ಮ ಗ್ವಾದಲಿ ಎಂದೂ ಬರಿದಾಗಿರಲಿಲ್ಲ.

ಒಂದು ಸಂತೆ ದಿನ ಬೈಲಹೊಂಗಲದಿಂದ ಜಿಲೇಬಿ ಬಂತು. ಮುಂದಿನ ತಿಂಗಳು ರಾಮದುರ್ಗದ ಸೀರೆ ಬಂತು. ನನ್ನ ಮೈದುನನ ಹೆಂಡತಿ ಸೀರೆಯ ಸೆರಗು ಮುಟ್ಟಿ ಮುಟ್ಟಿ ನೋಡಿದಳು.

"ನಸೀಬ ತೆರೀತ ಬಿಡ ಯಕ್ಕಾ."

"ನಸೀಬಲ್ಲ, ಎಲ್ಲ್ಯೋ ಕಿಸೆ ತೂತು ಬಿದ್ದೈತಿ," ಅಂದೆ.

ಮೊದಲು ಬಂದದ್ದು ಬೇರೆ ಹೆಂಗಸಿನ ಸಂಶಯ. ಅವರ ಅಂಗಿ ಮೂಸಿ ನೋಡಿದೆ. ತಂಬಾಕು ಬಿಟ್ಟರೆ ಬೇರೆ ವಾಸನೆಯಿಲ್ಲ. ದಿನಾ ರಾತ್ರಿ ಅವರ ಕಿಸೆ ನೋಡತೊಡಗಿದೆ. ಕಡೆಗೆ ಟ್ರಂಕು ತೆರೆದೆ. ಗಂಟು ಇರಲಿಲ್ಲ.

"ಎತ್ತಿನ ರೊಕ್ಕ ಎಲ್ಲಿರಿ?"

"ಅದಕ್ಕ ನಾ ಕೈ ಹಚ್ಚಿಲ್ಲ. ಬೈಲಹೊಂಗಲದಾಗ ಒಬ್ಬಾಂವ ಕಚೇರಿ ತಗದಾನ, ಅಲ್ಲಿಟ್ಟೇನಿ. ತಿಂಗಳಾ ತಿಂಗಳಾ ಬಡ್ಡಿ ಕೊಡತಾನ. ಎತ್ತು ಹಂಗ ಐತಿ, ನಾವು ತಿನ್ನಾಕ ಹತ್ತಿದ್ದು ಅದರ ಕರಾ."

"ಎತ್ತು ಯಾವಾಗಿಂದ ಈಯಾಕ ಹತ್ತೈತಿರಿ?"

"ನಾಕ ಅಕ್ಷರಾ ಕಲೀಲಿಲ್ಲ, ನಿನಗೇನ ತಿಳೀತೈತಿ!"

ಅಕ್ಷರ ತಿಳಿಯದಿದ್ದರೂ ಗಂಡನ ಕೈ ತಿಳಿಯುತ್ತಿತ್ತು. ಆ ಕಚೇರಿಯವನು ಬಡ್ಡಿಯನ್ನೆಲ್ಲ ಹತ್ತರ ನೋಟಿನಲ್ಲೇ ಕೊಡುತ್ತಿದ್ದನಂತೆ. ಸಣ್ಣ ನೋಟು ಕಿಸೆಯಲ್ಲಿ ನಿಲ್ಲುವುದಿಲ್ಲ, ಅದರಲ್ಲೂ ಬೆವರು ಹತ್ತದ ನೋಟು. ಖರ್ಚು ಮಾಡಿದವನಿಗೆ ಖುಷಿ, ಖುಷಿಯಾದವನು ಲೆಕ್ಕ ಕೇಳುವುದಿಲ್ಲ. ನಾವು ತಿಂದ ಜಿಲೇಬಿ ಕರುವಲ್ಲ, ನಮ್ಮ ಎತ್ತಿನ ಬಾಲವೇ ಇರಬೇಕು ಅನಿಸಿತು.

"ಅಸಲು ಕೇಳ್ರಿ. ಬಡ್ಡಿ ಕೊಡುವಾಗ ಎಲ್ಲಾರೂ ನಗತಾರ, ಅಸಲು ಕೇಳಿದಾಗ ಮಾರಿ ನೋಡ್ರಿ," ಅಂತ ಕಳಿಸಿದೆ. ಗಂಟು ತರಲು ಹೋದವರು ಗೋಡೆ ಗಡಿಯಾರ ಹಿಡಿದುಕೊಂಡು ಬಂದರು.

"ಕೇಳಿದ್ರಿ?"

"ಹೆಂಗ ಕೇಳ್ಲಿ? ಕಾಕಾ ಅಂತ ಕೈ ಹಿಡದು ಕುಂದರಿಸಿದ, ಚಾ ಕುಡಿಸಿದ, ಇದನ್ನ ಕೊಟ್ಟ. ನಾಚಿಕಿ ಆತು."

ಊರವರ ಹತ್ತಿರ ಕಡ್ಡಿಗೂ ಜಗಳಾಡುವ ಮನುಷ್ಯ, ತನ್ನ ರೊಕ್ಕ ತಾನು ಕೇಳಲು ನಾಚಿದ! ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಬಿತ್ತನೆಗೆ ಬಹಳ ದಿನವಿರಲಿಲ್ಲ.

"ಮುಂಜಾನೆ ಬಾಗಲಾ ತಗದ ಕೂಡ್ಲೆ ಅಂವ ಏನ ಮಾಡತಾನ?" ಅಂತ ಕೇಳಿದೆ. ಲಕ್ಷ್ಮಿಯ ಫೋಟೋಕ್ಕೆ ಊದಿನಕಡ್ಡಿ ಹಚ್ಚುತ್ತಾನೆ, ಬೋಣಿಗಿಯ ರೊಕ್ಕವನ್ನು, ಅಂದರೆ ದಿನದ ಮೊದಲ ರೊಕ್ಕವನ್ನು, ಕಣ್ಣಿಗೆ ಒತ್ತಿಕೊಳ್ಳುತ್ತಾನೆ ಅಂದರು. ಅಷ್ಟು ಸಾಕಿತ್ತು. ಪರರ ರೊಕ್ಕದಲ್ಲಿ ಆಡುವವನಿಗೆ ಲಕ್ಷ್ಮಿಯ ಭಯ ನಮಗಿಂತ ಜಾಸ್ತಿ.

ಶುಕ್ರವಾರ ಮೊದಲ ಬಸ್ಸಿಗೆ ಇಬ್ಬರೂ ಹೋದೆವು. ಕಚೇರಿಯಲ್ಲಿ ಊದಿನಕಡ್ಡಿ ಇನ್ನೂ ಉರಿಯುತ್ತಿತ್ತು. ರೊಕ್ಕ ಇಡಲು ಬಂದವರು ನಾಲ್ಕೈದು ಮಂದಿ ನಿಂತಿದ್ದರು. ನಾನು ಫೋಟೋದ ಮುಂದೆ ನೆಲದ ಮೇಲೆ ಕುಂತು ಸೆರಗು ಚಾಚಿದೆ.

"ಎತ್ತಿನ ರೊಕ್ಕ ಉಡ್ಯಾಗ ಹಾಕ ಯಪ್ಪಾ. ಮುತ್ತೈದಿ ಉಡಿ ಬರಿದು ಮಾಡಿ ಕಳಸಬ್ಯಾಡ."

"ಅಯ್ಯ ಅವ್ವಾರ, ಮ್ಯಾಲ ಕುಂದರ್ರಿ, ಚಾ ತರಸ್ತೇನಿ."

"ಚಾ ನಮ್ಮ ಮನ್ಯಾಗೂ ಐತಿ."

ಅವನು ನಮ್ಮ ಮನೆಯವರ ಮುಖ ನೋಡಿದ. ಅವರು ನೆಲ ನೋಡಿದರು. "ಶುಕ್ರವಾರ ಲಕ್ಷ್ಮೀನ ಹೊರಗ ಕೊಡಬಾರದರಿ. ನಾಳಿ ಬರ್ರಿ," ಅಂದ.

"ಅಕಿ ನಿನ್ನ ಲಕ್ಷ್ಮಿ ಅಲ್ಲ, ನನ್ನ ಮಗಳು. ನಿನ್ನ ಮನಿಗಿ ನಾಕ ದಿನ ಬೀಗತನಕ್ಕ ಬಂದಿದ್ಲು, ಕರಕೊಂಡು ಹೋಗಾಕ ಬಂದೇನಿ."

ನಿಂತವರು ನಕ್ಕರು. ಅವನೂ ನಕ್ಕ, ಆದರೆ ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. ನಾನು ಸೆರಗು ಇಳಿಸಲಿಲ್ಲ. ಬೋಣಿಗಿ ಹೊತ್ತಿನಲ್ಲಿ ಉಡಿ ಒಡ್ಡಿದವಳನ್ನು ಎಬ್ಬಿಸಲು ಅವನಿಗೆ ಧೈರ್ಯವಾಗಲಿಲ್ಲ. ಕಡೆಗೆ ಅವನು ಕಪಾಟು ತೆರೆದನೆ? ಇಲ್ಲ. ಸಾಲಿನ ಮೊದಲಿಗೆ ನಿಂತಿದ್ದ ಮನುಷ್ಯನ ಕೈಯಿಂದ ನೋಟಿನ ಕಟ್ಟು ತೆಗೆದುಕೊಂಡ, ಕಣ್ಣಿಗೆ ಒತ್ತಿಕೊಂಡ, ಅದರಿಂದಲೇ ಎಣಿಸಿ ನನ್ನ ಉಡಿಗೆ ಹಾಕಿದ.

ನಾನು ರೊಕ್ಕವನ್ನು ಉಡಿಯಲ್ಲಿ ಬಿಗಿದು ಕಟ್ಟಿಕೊಂಡೆ. ಬಾಗಿಲ ಹೊರಗೆ ಬಂದು ಆ ಮನುಷ್ಯನನ್ನು ಕರೆದೆ.

"ಯಪ್ಪಾ, ನಿನ್ನ ರೊಕ್ಕನ ನನಗ ಕೊಟ್ಟಾನ, ನೋಡಿದಿಲ್ಲ? ಉಳದದ್ದು ತಗೊಂಡು ಮನಿಗಿ ನಡಿ."

"ಕೇಳಿದ ಕೂಡ್ಲೆ ನಿನಗ ಕೊಟ್ಟನಲ್ಲಬೇ, ಮತ್ತ ನನಗ್ಯಾಕ ಹೆದರಿಕಿ?" ಅಂತ ನಗುತ್ತ ಒಳಗೆ ಹೋದ. ನಾನು ಬಿಡಿಸಿಕೊಂಡದ್ದೇ ಅವನಿಗೆ ನಂಬಿಕೆಯಾಗಿಬಿಟ್ಟಿತು. ಆ ಮನುಷ್ಯನ ಮುಖ ಈಗಲೂ ನೆನಪಿದೆ.

ಬಸ್ಸಿನಲ್ಲಿ ನಮ್ಮ ಮನೆಯವರು ಬೇರೆ ಸೀಟಿನಲ್ಲಿ ಹೋಗಿ ಕುಂತರು, ಮರ್ಯಾದೆ ಹೋಯಿತು ಅಂತ. ಮರು ಸಂತೆಗೆ ಹೋಗಿ ಎತ್ತು ತಂದರು. ಹಲ್ಲು ನೋಡಿ, ಜಗಳಾಡಿ, ಹಗ್ಗ ಪುಕ್ಕಟೆ ಇಸಿದುಕೊಂಡು. ಬಿತ್ತನೆ ಹದಕ್ಕೆ ಸರಿಯಾಗಿ ಆಯಿತು. ಕಚೇರಿಗೆ ಕೀಲಿ ಬಿತ್ತು ಅನ್ನುವ ಸುದ್ದಿ ಹೊಲದಲ್ಲಿ ಬೆಳೆಸಾಲಿನ ಕಳೆ ತೆಗೆಯಲು ಎಡೆ ಹೊಡೆಯುವಾಗ ಬಂತು.

"ಆ ಮನಿಷ್ಯಾ ಸರಿ ಇಲ್ಲಂತ ನಾ ಅವತ್ತ ಅಂದಿದ್ನಿಲ್ಲ?" ಅಂದರು. ನಾನು ಹೂಂ ಅಂದೆ.

ಗಡಿಯಾರ ಗೋಡೆಯ ಮೇಲೆ ಇತ್ತು. ದೀಪಾವಳಿ ಹೊತ್ತಿಗೆ ಸೆಲ್ಲು ತೀರಿ ನಿಂತಿತು. ಹೊಸ ಸೆಲ್ಲಿಗೆ ರೊಕ್ಕ ಕೇಳಿದೆ, ಕೊಡುತ್ತಾರೇನೋ ನೋಡೋಣ ಅಂತ.

"ಹೊತ್ತು ನೋಡಾಕ ಮ್ಯಾಲ ಸೂರ್ಯ ಇಲ್ಲೇನು?" ಅಂತ ಬೈದರು.

ಅವತ್ತಿನಿಂದ ಅವರ ಕಿಸೆ ನೋಡುವುದು ಬಿಟ್ಟೆ.