ಸೂರ್ಯಕಾಂತಿ ಹೊಲದ ಯುದ್ಧಕೈದಿಗಳು

ಮಿಲಿಟ್ರಿ ಶಿವಮಲ್ಲಪ್ಪನವರು ಹದಿನೇಳು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ಅಷ್ಟು ವರ್ಷವೂ ಅವರು ಮಾಡಿದ್ದು ಹಿಮದ ಬೆಟ್ಟಗಳ ಮೇಲಿನ ಠಾಣೆಗಳಿಗೆ ಹೇಸರಗತ್ತೆಗಳ ಬೆನ್ನ ಮೇಲೆ ಅಕ್ಕಿ, ಬೇಳೆ, ಸೀಮೆಎಣ್ಣೆ ಸಾಗಿಸುವ ಕೆಲಸ. ಗುಂಡು ಹಾರಿಸಿದ್ದು ಅಭ್ಯಾಸದ ಮೈದಾನದಲ್ಲಿ ಮಾತ್ರ. ಇದನ್ನು ಅವರು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಊರಿನವರೇ ಕಿವಿಗೆ ಹಾಕಿಕೊಂಡಿರಲಿಲ್ಲ. ಟೀವಿಯಲ್ಲಿ ಗಡಿಯ ಸುದ್ದಿ ಬಂದಾಗಲೆಲ್ಲ ಅವರನ್ನು ಹೋಟೆಲಿನ ಬೆಂಚಿನ ಮೇಲೆ ಕೂರಿಸಿ, “ಈಗೇನ್ ಮಾಡ್ಬೇಕಣ್ಣ?” ಎಂದು ಕೇಳುತ್ತಿದ್ದರು.

“ಮೊದ್ಲು ಅಲ್ಲಿರೋರ್ಗೆ ಊಟ ತಲುಪ್ಬೇಕು ಕಣ್ಲಾ,” ಎನ್ನುತ್ತಿದ್ದರು ಇವರು. ಕೇಳಿದವರಿಗೆ ನಿರಾಸೆಯಾಗುತ್ತಿತ್ತು.

ಹೋದ ವರ್ಷ ಯುದ್ಧ ಅವರ ಹೊಲಕ್ಕೇ ಬಂತು. ಗುಂಡ್ಲುಪೇಟೆ ದಾಟಿ ಮದ್ದೂರಿನ ಮೇಲೆ ಕೇರಳಕ್ಕೆ ಹೋಗುವ ರಸ್ತೆಯ ಪಕ್ಕ ಅವರದು ಎರಡು ಎಕರೆ ಸೂರ್ಯಕಾಂತಿ. ಹೂ ಅರಳಿದ್ದೇ ತಡ, ಕೇರಳದ ಕಾರುಗಳೆಲ್ಲ ಅಲ್ಲೇ ನಿಲ್ಲತೊಡಗಿದವು. ಫೋಟೊ ತೆಗೆಯಲು ಜನ ಹೊಲದೊಳಗೆ ನುಗ್ಗಿ ಗಿಡ ಮುರಿದರು. ಒಬ್ಬಾಕೆ ಹೂವಿನ ಮುಖವನ್ನು ಮೊಬೈಲಿನ ಕಡೆ ತಿರುಗಿಸಲು ಹೋಗಿ ಅದರ ಕತ್ತನ್ನೇ ಮುರಿದಳು.

“ಜಾಲಿಮುಳ್ಳು ಹರಡ್ಬುಡನ ಅಣ್ಣ,” ಎಂದ ಪಕ್ಕದ ಹೊಲದ ನಿಂಗರಾಜು. “ನಾಕ್ ಜನುಕ್ ಚುಚ್ಚುದ್ರೆ ಬುದ್ಧಿ ಬತ್ತದೆ.”

“ಮಗೀನ್ ಕಾಲ್ಗೆ ಚುಚ್ಚುದ್ರೆ?”

“ಮಗೀನ ಯಾಕ್ ಕರ್ಕಂಡ್ ಬರ್ಬೇಕು?”

“ಅದು ಮಗೀನ್ ತೆಪ್ಪಲ್ಲ ಕಣ್ಲಾ. ಮೊದ್ಲು ಎಚ್ಚರಿಕೆ. ಆಮೇಲೆ ತಡೆ. ಬಲ ಕಟ್ಟಕಡೆಗೆ, ಅದೂ ಎಷ್ಟು ಬೇಕೋ ಅಷ್ಟೇ.”

ಎಚ್ಚರಿಕೆಯೆಂದು ಪೇಟೆಯ ಮಲಯಾಳಿ ಬೇಕರಿಯವನಿಂದ, ಒಳಗೆ ಬರಬೇಡಿ ಎಂದು ಮಲಯಾಳದಲ್ಲಿ ಬೋರ್ಡು ಬರೆಸಿ ನೆಟ್ಟರು. ಜನ ಬೋರ್ಡಿನ ಜೊತೆಗೂ ಫೋಟೊ ತೆಗೆಸಿಕೊಂಡರು. ತಡೆಯೆಂದು ಹಗ್ಗ ಕಟ್ಟಿದರು. ಮಕ್ಕಳು ಅದರ ಮೇಲೆ ಕೂತು ಜೀಕಿದವು. ಕೊನೆಗೆ ಸೀಟಿ ಊದುತ್ತ ರಸ್ತೆಗೇ ಇಳಿದರೆ, ಬಂದವರು ಅವರನ್ನು ಪಾರ್ಕಿಂಗ್ ಕಾಯುವವರೆಂದು ತಿಳಿದರು. ಹೇಸರಗತ್ತೆಗಳನ್ನು ಸಾಲಾಗಿ ನಿಲ್ಲಿಸಿ ರೂಢಿಯಾದ ಕೈ. “ಬರ್ಲಿ, ಬರ್ಲಿ” ಎಂದು ಮೂರು ಗಾಡಿಗಳನ್ನು ರಿವರ್ಸ್ ಹಾಕಿಸಿದ ಮೇಲೆಯೇ ಅವರಿಗೆ ತಾವೇನು ಮಾಡುತ್ತಿದ್ದೇವೆಂದು ಹೊಳೆದದ್ದು.

ಒಂದು ಭಾನುವಾರ ಮಧ್ಯಾಹ್ನ ಕೋಳಿಕ್ಕೋಡಿನ ವ್ಯಾನೊಂದು ನಿಂತಿತು. ಅಜ್ಜ, ಅಜ್ಜಿ, ಮೊಮ್ಮಕ್ಕಳು ಸೇರಿ ಹದಿನಾಲ್ಕು ಜನ. ಶಿವಮಲ್ಲಪ್ಪನವರು ಅವರೊಡನೆ ವಾದಿಸುತ್ತಿದ್ದಾಗ ನಿಂಗರಾಜು ಹಿಂದಿನಿಂದ ಹೋಗಿ ಎರಡು ಚಕ್ರಗಳ ಗಾಳಿ ಬಿಟ್ಟುಬಿಟ್ಟ.

“ಇದೇನ್ಲಾ ಮಾಡ್ದೆ?”

“ಸಪ್ಲೈ ಲೈನ್ ಕತ್ತರುಸ್ಬುಟ್ಟೆ ಅಣ್ಣ.”

“ಓಗೋರ್ಗೆ ದಾರಿ ಬುಡ್ಬೇಕು ಕಣ್ಲಾ. ಈಗ್ ನೋಡು, ಹದ್ನಾಕ್ ಜನಾನೂ ಇಲ್ಲೇ ಉಳ್ಕಂಡ್ರು.”

ಐದು ನಿಮಿಷದಲ್ಲಿ ಹೊರಡಬೇಕಿದ್ದವರು ಬೇವಿನ ಮರದಡಿ ಬೆಡ್‌ಶೀಟ್ ಹಾಸಿದರು. ಮಕ್ಕಳು ಗಿಡಗಳ ನಡುವೆ ಕಣ್ಣಾಮುಚ್ಚಾಲೆ ಶುರು ಮಾಡಿದವು. ಅಜ್ಜಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಊರಿಗೆ ಮರಳಲು ಅವರು ದಾಟಬೇಕಾದ ಕಾಡಿನ ಗೇಟು ಬೇರೆ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ.

ಶಿವಮಲ್ಲಪ್ಪನವರು ಅಜ್ಜನ ಬಳಿ ಹೋಗಿ, ಗಾಳಿ ಬಿಟ್ಟದ್ದು ನಮ್ಮವನೇ, ತಪ್ಪಾಯಿತು ಎಂದು ಹಿಂದಿಯಲ್ಲಿ ಒಪ್ಪಿಕೊಂಡರು. ಆಮೇಲೆ ಮನೆಗೆ ಬಂದು ಹೆಂಡತಿ ದೊಡ್ಡಮಲ್ಲಮ್ಮನಿಗೆ, “ನಮ್ ಕೈಗ್ ಸಿಕ್ಕೋರು ಕೈದಿಗಳು. ಕೈದಿಗಳ್ಗೆ ಊಟ ಹಾಕ್ಬೇಕು, ಅದು ಯುದ್ಧದ ನಿಯಮ,” ಎಂದರು.

“ನಿಯಮ ಬರ್ದೋರು ಮುದ್ದೆ ತೊಳ್ಸಕೆ ಬತ್ತಾರಾ?” ಎಂದರು ಆಕೆ. ಒಲೆ ಹೊತ್ತಿಸುತ್ತ, “ಮಕ್ಳು ಎಷ್ಟವೆ?” ಎಂದು ಕೇಳಿ ದೊಡ್ಡ ಪಾತ್ರೆ ಇಳಿಸಿದರು.

ಕೈದಿಗಳು ಮುದ್ದೆ, ಅವರೆಕಾಳಿನ ಸಾರು ಉಂಡರು. ಒಬ್ಬ ಮುದ್ದೆಯನ್ನು ಅಗಿಯಲು ಹೋದ. ನುಂಗಬೇಕೆಂದು ದೊಡ್ಡಮಲ್ಲಮ್ಮ ಸನ್ನೆಯಲ್ಲೇ ಕಲಿಸಿದರು. ನಿಂಗರಾಜು ಸೈಕಲ್ ಪಂಪಿನಲ್ಲಿ ವ್ಯಾನಿನ ಚಕ್ರಗಳಿಗೆ ಗಾಳಿ ಹೊಡೆಯುತ್ತಿದ್ದ. ಮಕ್ಕಳು ಸುತ್ತ ನಿಂತು ಮಲಯಾಳದಲ್ಲಿ ಎಣಿಸಿದವು. ಐದೂವರೆಗೆ ವ್ಯಾನು ಹೊರಟಿತು. ನಿಂಗರಾಜುವಿಗೆ ಮೂರು ದಿನ ತೋಳು ಎತ್ತಲಾಗಲಿಲ್ಲ.

ಮುಂದಿನ ಭಾನುವಾರ ಎರಡು ಕಾರು ಬಂದು ಮುದ್ದೆ ಕೇಳಿದವು. ದೊಡ್ಡಮಲ್ಲಮ್ಮ ಮನೆಯಿಂದ ಹೊರಗೇ ಬರಲಿಲ್ಲ. ಶಿವಮಲ್ಲಪ್ಪನವರು ಕುಡುಗೋಲು ಹಿಡಿದು ರಸ್ತೆ ಬದಿಯ ನಾಲ್ಕು ಸಾಲನ್ನು ತಾವೇ ಕೊಯ್ದು, ಜನ ನಿಲ್ಲಲು ಜಾಗ ಮಾಡಿದರು. ಬಂದವರು ಅಲ್ಲಿಯೇ ನಿಂತು ಹೊಲವನ್ನು ಬೆನ್ನಿಗಿಟ್ಟುಕೊಂಡು ಫೋಟೊ ತೆಗೆದುಕೊಂಡು ಹೋದರು.

“ನೆಲ ಬುಟ್ಕೊಟ್ಬುಟ್ರಲ್ಲ ಅಣ್ಣ,” ಎಂದು ನಿಂಗರಾಜು ಬಹಳ ನೊಂದುಕೊಂಡ.

ಈ ವರ್ಷ ಆ ನಾಲ್ಕು ಸಾಲಿಗೆ ದೊಡ್ಡಮಲ್ಲಮ್ಮ ಹಸಿಮೆಣಸಿನಕಾಯಿ ಹಾಕಿಸಿದ್ದಾರೆ. ಫೋಟೊಗೆ ನಿಲ್ಲಬೇಕೆಂದರೆ ಈಗ ಮೆಣಸಿನ ಗಿಡಗಳ ನಡುವೆಯೇ ನಿಲ್ಲಬೇಕು. ಇದುವರೆಗೂ ಒಂದೇ ಒಂದು ಕಾರು ನಿಂತಿಲ್ಲ.