ಒಡಿಲೋನನ ಎರಡು ಕಲ್ಲು

ಉಸಿಲಾ ಊರಿನ ಒಡಿಲೋನ್ ಮೀನು ಹಿಡಿದು ಮೇಲೆತ್ತಿದರೆ ಹೊಳೆ ಒಂದು ಗೇಣು ಇಳಿಯುತ್ತಿತ್ತು. ಹಾಗೆಂದು ಹೇಳುತ್ತಿದ್ದವನು ಒಡಿಲೋನನೇ, ಅಳೆದು ನೋಡಿದವರಿಲ್ಲ. ಬಲೆ ಬೀಸುವುದರಲ್ಲಿ ಅವನ ಕೈ ಒಳ್ಳೆಯದೇ, ಸೌದೆ ಒಟ್ಟುವುದೆಂದರೆ ಮಾತ್ರ ಸೊಂಟ ಹಿಡಿದುಕೊಳ್ಳುತ್ತಿತ್ತು. ಐವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಆ ಊರಿನಲ್ಲಿ ಕೆಂಪಗೆ ಕಾದ ಕಲ್ಲು ಹಾಕಿ ಕುದಿಸುವ ಹೊಳೆದಂಡೆಯ ಕಲ್ಲುಸಾರನ್ನು ಗಂಡಸರೇ ಮಾಡಿ ಹೆಂಗಸರಿಗೆ ಬಡಿಸಬೇಕು. ಸಾರು ಕುದಿಸಲಾರದವನನ್ನು ಯಾವ ಹೆಣ್ಣು ನಂಬಿಯಾಳು?

ಅವನು ಮದುವೆಗೆ ಕೇಳಿದಾಗ ವಿಧವೆ ಸೆವೇರಾ, "ಮೊದ್ಲು ಒಂದ್ಸಲ ಸಾರು ಕುಡಿಸು, ಆಮೇಲೆ ನೋಡಾಣ" ಎಂದಳು.

ಒಡಿಲೋನ್ ಧಾರಾಳಿಯಾದ. ಊರಿನಲ್ಲೇ ದೊಡ್ಡದಾದ ಸೋರೆಬುರುಡೆ ತಂದು, ಕಂಠಮಟ್ಟ ನೀರು ತುಂಬಿ, ಮೀನು, ಟೊಮೆಟೊ, ಈರುಳ್ಳಿ, ಮೆಣಸಿನಕಾಯಿ ಹಾಕಿದ. ಬೆಂಕಿಯಲ್ಲಿಟ್ಟದ್ದು ಮಾತ್ರ ಎರಡೇ ಕಲ್ಲು.

"ಇನ್ನೊಂದ್ನಾಕು ಇಡೋ ತಮ್ಮಾ," ಎಂದ, ಪಕ್ಕದಲ್ಲೇ ಬೆಂಕಿ ಹಾಕಿದ್ದ ಅಣ್ಣ ಹೆರ್ಕುಲಾನೊ.

"ಬಣ್ಣ ನೋಡಣ್ಣ, ಸೂರ್ಯನ ಮರಿ ಇದ್ದಂಗಿದೆ. ಎಸೆದ್ರೆ ಹೊಳೇನೇ ಕುದೀತದೆ."

ಮೊದಲ ಕಲ್ಲು ಬಿದ್ದ ಚುಂಯ್ ಸದ್ದಿಗೆ ಆಚೆ ಬೆಟ್ಟದ ನಾಯಿಗಳು ಎದ್ದು ಕುಳಿತವು. ಆಮೇಲೆ ಸದ್ದೇ ಇಲ್ಲ. ಕಲ್ಲು ಕಪ್ಪಾಗಿ ತಳ ಸೇರಿತು. ಸೆವೇರಾ ಬೆರಳದ್ದಿ ನೋಡಿದಳು.

"ಮೀನಿನ ಸ್ನಾನಕ್ಕೆ ಹದವಾಗಿದೆ."

ಹೆರ್ಕುಲಾನೊ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಲ್ಲಿಗೆ ಬಿಸಿ ಬೇಗ ತಲೆಗೇರ್ತದೆ ಕಣೋ, ನೀರಿಗೆ ಏರಲ್ಲ. ಕಲ್ಲೂ ನೀರೂ ಒಂದೇ ತೂಕ ಇಟ್ರೂ ನೀರಿಗೆ ಹತ್ರತ್ರ ಐದರಷ್ಟು ಬಿಸಿ ಉಣ್ಣಿಸ್ಬೇಕು, ಆಗ ಎರಡೂ ಒಂದೇ ಸಮ ಕಾಯೋದು. ನೀನು ನೋಡಿದ್ದು ಕಲ್ಲಿನ ಮುಖ. ಅದರ ಹೊಟ್ಟೇಲಿ ಎಷ್ಟಿತ್ತು ಅಂತ ನೋಡ್ಲಿಲ್ಲ."

ಅಣ್ಣನ ಬೆಂಕಿಯಲ್ಲಿ ಕಲ್ಲಿನ ರಾಶಿಯೇ ಇತ್ತು. ಆದರೆ ಹೆಣ್ಣಿಗೆಂದು ಮಾಡುವ ಸಾರಿಗೆ ಇನ್ನೊಬ್ಬನ ಕಲ್ಲು ಎರವಲು ತರುವುದು ಅಲ್ಲಿ ನಡೆಯದು. ಹೊಸದಾಗಿ ಕಲ್ಲು ಕಾಯಿಸುವಷ್ಟು ಸೌದೆಯೂ ಉಳಿದಿರಲಿಲ್ಲ. ಒಡಿಲೋನ್ ಉಳಿದಿದ್ದ ಕಲ್ಲನ್ನು ಇಕ್ಕಳದಲ್ಲಿ ಎತ್ತಿದ.

"ತಡಿ. ಅರ್ಧ ನೀರು ಚೆಲ್ಲು," ಎಂದಳು ಸೆವೇರಾ.

"ಚೆಲ್ಲಿದ್ರೆ ಒಬ್ರಿಗಾಗೋಷ್ಟೇ ಉಳಿಯೋದು."

"ಇರೋದು ಒಂದು ಕಲ್ಲು. ಅದು ಕುದಿಸೋವಷ್ಟೇ ನೀರಿರ್ಲಿ."

ಕಲ್ಲನ್ನು ಮತ್ತೆ ಕೆಂಡದ ಮೇಲಿಟ್ಟು, ಬುರುಡೆ ಬಗ್ಗಿಸಿ ನೀರು ಚೆಲ್ಲಿದ. ತಣ್ಣಗಾದ ಕಲ್ಲನ್ನೂ ತೆಗೆದುಹಾಕಿದ. ಎರಡನೆಯದು ಬಿದ್ದದ್ದೇ ಸಾರು ಗುಳುಗುಳು ಕುದಿಯಿತು, ಮೀನು ಬೆಳ್ಳಗಾಯಿತು.

ಬುರುಡೆಯನ್ನು ಅವಳ ಕೈಗಿತ್ತು ಅವನು ದೂರ ನಿಂತ. ಸೆವೇರಾ ಅರ್ಧ ಕುಡಿದಳು, ತುಟಿ ಒರೆಸಿಕೊಂಡಳು, ಬುರುಡೆಯನ್ನು ಅವನತ್ತ ಚಾಚಿದಳು.

"ಕುಡಿ, ಆರ್ತದೆ. ಮದುವೆ ಸಾರಿಗೆ ಎಷ್ಟು ಕಲ್ಲು ಅಂತ ನಾನೇ ಹೇಳ್ತೀನಿ."